ಅಂಟಿನ ಉಂಡಿ

"ಇನ್ನೊಂದೀಟು ಬಾಯಿ ತಗಿಯವಾ," ಎಂದರು ಡಾಕ್ಟರು.

ಬಸಲಿಂಗವ್ವ ತೆರೆದಳು. ಒಸಡು ಉಬ್ಬಿ ಹಲ್ಲುಗಳನ್ನು ಅರ್ಧ ಮುಚ್ಚಿತ್ತು. ಡಾಕ್ಟರು ಬ್ಯಾಟರಿಯನ್ನು ಅಲ್ಲೇ ಹಿಡಿದು ಬಹಳ ಹೊತ್ತು ನೋಡಿದರು. ಬಾಗಿಲ ಬಳಿ ನಿಂತಿದ್ದ ಅವಳ ತಾಯಿ ನೀಲಕ್ಕ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ನೀಲಕ್ಕ ಗುಡಗೇರಿಯಿಂದ ಬಂದು ಇನ್ನೂ ಎರಡು ತಾಸಾಗಿರಲಿಲ್ಲ. ಮಿಶ್ರಿಕೋಟಿಯ ಮಗಳ ಮನೆಯಲ್ಲಿ ಚಹಾ ಕುಡಿಯುವ ಮೊದಲೇ ಬೀಗತಿ ರೇವವ್ವ ಎಲ್ಲರನ್ನೂ ದವಾಖಾನೆಗೆ ಹೊರಡಿಸಿದ್ದಳು.

"ಎಂಟು ದಿನಾ ಆತ್ರಿ ಸಾಹೇಬ್ರ," ಎಂದು ರೇವವ್ವ ಶುರುಮಾಡಿದಳು. "ಅಂಗಳಾ ದಾಟೂದ್ರಾಗ ಎರಡ ಸಲಾ ಗ್ವಾಡಿ ಹಿಡೀತಾಳ. ಮಾತಂತೂ ಬಾಯಾಗ ಹುಗ್ಗಿ ಇಟಗೊಂಡಾಂಗ. ನಿನ್ನೆ ತುಂಬಿದ ಕೊಡಾನ ಕೆಡವಿದ್ಳು. ಓಣ್ಯಾಗ ಏನ ಕೇಳ್ತಾರ ಗೊತ್ತೇನ್ರಿ? ನಿಮ್ಮ ಮನ್ಯಾಗ ಕುಡಿಯೂದು ಮಗನೋ ಸೊಸಿನೋ ಅಂತ!"

"ಸುಮ್ನಿರಬೇ ಯವ್ವಾ," ಎಂದ ಈರಬಸಪ್ಪ, ಹೆಂಡತಿಯತ್ತ ನೋಡದೆ.

ಡಾಕ್ಟರು ನೆಲಗಲ್ಲಿನ ಸಂದಿ ತೋರಿಸಿ ಅದರ ಮೇಲೆ ನಡೆಯೆಂದರು. ಮೂರು ಹೆಜ್ಜೆಗೆ ಬಸಲಿಂಗವ್ವ ವಾಲಿ ಮೇಜಿನ ಮೇಲೆ ಬಿದ್ದಳು. ಅವರು ಅವಳ ಕಾರ್ಡು ತಿರುವಿದರು. ಟಿಬಿ ಗುಳಿಗೆ ಶುರುವಾಗಿ ಎರಡು ತಿಂಗಳು. ಹದಿನೆಂಟು ತಿಂಗಳು ತಗೊಳ್ಳಬೇಕು. ಕಫದಲ್ಲಿ ರಕ್ತ ಈಗಷ್ಟೇ ನಿಂತಿತ್ತು.

"ಒಂದ್ ಮಾತು ಖರೇ ಹೇಳ್ರಿ. ಈಕಿ ಮೂರ್ಛೆ ರೋಗದ ಗುಳಿಗಿ ಏನರ ತಗೋತಾಳೇನು? ಅದನ್ನ ತಗೊಳ್ಳೋರ ಒಸಡ ಹಿಂಗ ಬೆಳೀತಾವ. ಆ ಗುಳಿಗಿ ಮೈಯಾಗ ಕರಗಿ ಹೋಗಬೇಕು. ಟಿಬಿ ಗುಳಿಗಿ ಜೋಡಿ ಆದ್ರ ಅದು ಲಗೂನ ಕರಗೂದಿಲ್ಲ, ದಿನಾ ಒಳಗ ಕೂಡಕೋತ ಹೋಗಿ ವಿಷಾ ಆಗ್ತದ. ಹೇಳಿದ್ರ ಅಳತಿ ಕಡಿಮಿ ಮಾಡಿ ಎರಡೂ ನಡಸಬಹುದು. ಮುಚ್ಚಿಟ್ರ ನಾ ಏನ ಮಾಡಾಕೂ ಬರೂದಿಲ್ಲ."

"ಮೂರ್ಛಿ?" ರೇವವ್ವ ನಕ್ಕೇಬಿಟ್ಟಳು. "ನಮ್ಮ ಬೀಗರು ಅಂಥಾವರಲ್ರಿ. ಮಾತುಕತಿ ದಿನಾ ಲಿಂಗಾ ಮುಟ್ಟಿ ಹೇಳ್ಯಾರ, ಹುಡುಗಿಗೆ ನೆಗಡಿ ಸೈತ ಬಂದಿಲ್ಲಂತ. ಬಮ್ಮಿಗಟ್ಟ್ಯಾಗ ನಮ್ಮಣ್ಣನ ಸೊಸಿಗೆ ಬರ್ತಿತ್ತು, ಮುಚ್ಚಿ ಕೊಟ್ಟಿದ್ರು. ಗಂಟು ಸುದ್ದಾ ತವರಮನಿ ಕಟ್ಟಿ ಮ್ಯಾಲ ಇಳಿಸಿ ಬಂದ್ರು. ಹೌದಿಲ್ಲೋ ಬೀಗತೇರ?"

ಎಲ್ಲರೂ ನೀಲಕ್ಕನತ್ತ ತಿರುಗಿದರು.

ಲಗ್ನವಾದಂದಿನಿಂದ ಎರಡು ವರ್ಷ ಅವಳು ತಿಂಗಳಿಗೆ ಮೂವತ್ತು ಅಂಟಿನ ಉಂಡಿ ಕಟ್ಟಿದ್ದಳು. ಒಂದೊಂದರ ಹೊಟ್ಟೆಯಲ್ಲೂ ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟ ಎರಡು ಬಿಳಿ ಗುಳಿಗೆ. ಕೂಸಿಗಾಗಿ ಹೊತ್ತ ಹರಕೆಯ ಉಂಡಿ, ದಿನಕ್ಕೊಂದು ಮಗಳೇ ತಿನ್ನಬೇಕು, ಬೇರೆಯವರು ಮುಟ್ಟಬಾರದು ಎಂದು ಬೀಗರಿಗೆ ಹೇಳಿದ್ದಳು. ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಹದಿನೈದು ದಿನದ ಹಿಂದೆ, ತಲೆ ತಿರುಗುತ್ತದೆ, ಕಾಲು ನಿಲ್ಲುವುದಿಲ್ಲ ಎಂದು ಮಗಳ ಪತ್ರ ಬಂತು. ಹಳೆಯ ರೋಗ ಮತ್ತೆ ಎದ್ದಿತೆಂದು ನೀಲಕ್ಕ ಗಾಬರಿಯಾದಳು. ಸಂತೆಗೆ ಬಂದಿದ್ದವರ ಕೈಯಲ್ಲಿ ಹೊಸ ಡಬ್ಬಿ ಕಳಿಸಿದಳು. ಅದರ ಒಂದೊಂದು ಉಂಡಿಯಲ್ಲಿ ಮೂರು ಗುಳಿಗೆ ಇಟ್ಟಿದ್ದಳು.

ಮಗಳು ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು.

"ಏನೂ ಇಲ್ರಿ ಸಾಹೇಬ್ರ," ಎಂದಳು ನೀಲಕ್ಕ. ದನಿ ನಡುಗಲಿಲ್ಲ. ಅದು ಅವಳಿಗೇ ಸೋಜಿಗವೆನಿಸಿತು.

"ನೀ ಹೇಳವಾ," ಎಂದರು ಡಾಕ್ಟರು ಮಗಳಿಗೆ.

"ಅವ್ವಾ ಹೇಳಿದ್ದ ಖರೇರಿ," ಎಂದಳು ಬಸಲಿಂಗವ್ವ. ಮಾತು ನಾಲಗೆಗೆ ತೊಡರಿ ತಡವಾಗಿ ಬಂತು.

ಡಾಕ್ಟರು ಇಬ್ಬರನ್ನೂ ನೋಡಿದರು. ಹೊರಗೆ ಯಾರದೋ ಕೂಸು ಅಳುತ್ತಿತ್ತು, ಪಾಳಿ ಉದ್ದವಿತ್ತು. ಹುಬ್ಬಳ್ಳಿಗೆ ಒಯ್ದು ರಕ್ತ ತಪಾಸಣೆ ಮಾಡಿಸಿರೆಂದು ಚೀಟಿ ಬರೆದುಕೊಟ್ಟರು. ಈರಬಸಪ್ಪ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡ. "ಜ್ವಾಳದ ರಾಶಿ ಒಂದ್ ಮುಗೀಲಿ, ಹೋಗೂಣು."

ಸಂಜೆ ರೇವವ್ವ ಎಮ್ಮೆ ಹಿಂಡಲು ಹಿತ್ತಿಲಿಗೆ ಹೋದಾಗ ತಾಯಿ ಮಗಳು ಅಡುಗೆಮನೆಯಲ್ಲಿ ಉಳಿದರು.

"ಉಂಡಿ ತಿನ್ನೂದ ಬಿಟ್ರ, ಯವ್ವಾ?"

"ಬಿಟ್ರ ಬೀಳ್ತೀ. ಇವ್ರ ಮುಂದನ ಬೀಳ್ತೀ."

"ಟಿಬಿ ಗುಳಿಗಿ ಬಿಟ್ರ?"

"ಅತ್ತಿ ಎದುರಿಗೆ ನಿಂತು ನುಂಗಸ್ತಾಳಲ್ಲ. ಬಿಟ್ಟು ರಕ್ತಾ ಕಾರಿ ಸಾಯ್ತೀಯೇನು?"

"ಎರಡೂ ತಿಂದ್ರ?"

ನೀಲಕ್ಕ ಉಂಡಿ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಹಿತ್ತಿಲಿನಿಂದ ರೇವವ್ವ ಕೂಗಿದಳು: "ಏನ್ರಿ ಬೀಗತೇರ, ತಾಯಿ ಮಗಳು ಕೂಡಿ ಹರಕಿ ಉಂಡಿ ಮುಗಸಾಕತ್ತೀರೇನು? ನಮಗೂ ಒಂದ್ ತುಣುಕ ಇಡ್ರಿ, ನನಗೇನ್ ಕೂಸು ಹುಟ್ಟೂದಿಲ್ಲ!"

"ಇಡ್ತೀನ್ರಿ," ಎಂದು ನೀಲಕ್ಕ ನಕ್ಕಂತೆ ಮಾಡಿದಳು.

ಡಬ್ಬಿ ತೆರೆದು ಒಂದು ಉಂಡಿ ಮುರಿದಳು. ಬೆಲ್ಲ ಹತ್ತಿದ ಮೂರು ಗುಳಿಗೆಗಳನ್ನು ಉಗುರಿನಿಂದ ಬಿಡಿಸಿದಳು. ಎರಡನ್ನು ಸೆರಗಿನ ಚುಂಗಿಗೆ ಕಟ್ಟಿದಳು. ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಎಷ್ಟು ಕೊಟ್ಟರೆ ಮಗಳು ಬೀಳುವುದಿಲ್ಲ, ಎಷ್ಟು ಕೊಟ್ಟರೆ ಸಾಯುವುದಿಲ್ಲ ಎಂಬುದನ್ನು ಕೇಳಬೇಕಾದವರನ್ನು ಕೇಳದೆ ಬಂದಾಗಿತ್ತು. ಉಳಿದ ಒಂದನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು.

ಬಸಲಿಂಗವ್ವ ಕೈ ನೀಡಿದಳು. ಅವಳ ಬೆರಳುಗಳು ತಾಯಿಯ ಅಂಗೈಯಿಂದ ಗೇಣುದ್ದ ಆಚೆ, ಬರಿಗಾಳಿಯಲ್ಲಿ, ಬಹಳ ನಾಜೂಕಾಗಿ ಕೂಡಿಕೊಂಡವು. ಮತ್ತೊಮ್ಮೆ ಹುಡುಕಿದಳು.

"ಕೈ ಸರಸಬ್ಯಾಡಬೇ ಯವ್ವಾ," ಎಂದಳು.

ನೀಲಕ್ಕನ ಕೈ ಅಲುಗಿರಲಿಲ್ಲ.