ಸಮುದ್ರಕ್ಕೆ ಹೊಂದುವ ದಾರ

"ಇದು ಹಸಿರಾ, ಕೆಂಪಾ?" ಎಂದು ಗಂಡ ಕಂಪ್ಯೂಟರಿನ ಗಾಜಿಗೆ ಬೆರಳಿಟ್ಟು ಕೇಳಿದಾಗ ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು.

"ಮೊದಲು ಬೆರಳು ತೆಗೀರಿ. ಗಾಜಿನ ತುಂಬ ನಿಮ್ಮ ಹೆಬ್ಬೆಟ್ಟೇ ಇದೆ. ಅದು ದೋಣಿ."

"ದೋಣಿ ಅಂತ ನನಗೂ ಗೊತ್ತು ಕಣೇ. ಬಣ್ಣ ಕೇಳಿದೆ."

"ಕೆಂಪು. ಅದರ ಮೇಲೆ ಬಿದ್ದಿರೋ ಬಲೆ ಹಸಿರು."

"ಎರಡೂ ಒಂದೇ ಥರ ಇದೆಯಲ್ಲೇ."

"ಅದಕ್ಕೇ ಟೊಮೆಟೊ ತರೋ ಕೆಲಸ ನಿಮಗೆ ಕೊಡೋದಿಲ್ಲ. ಸರೀರಿ ಆ ಕಡೆ."

ಅವನು ಸರಿದ. ಚಿಕ್ಕಂದಿನಲ್ಲಿ ರೈಲು ಓಡಿಸಬೇಕೆಂದಿದ್ದವನನ್ನು ಕಣ್ಣಿನ ಪರೀಕ್ಷೆಯವರ ಚುಕ್ಕಿಚುಕ್ಕಿಯ ಪುಸ್ತಕವೊಂದು ತಡೆದು ನಿಲ್ಲಿಸಿತ್ತು. ಆ ಚುಕ್ಕಿಗಳ ನಡುವೆ ಎಲ್ಲರಿಗೂ ಕಾಣುವ ಅಂಕಿ ಅವನಿಗೆ ಕಾಣಲೇ ಇಲ್ಲ. ಕೊನೆಗೆ ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಹಿಡಿದ. ಬಿಳಿಯ ಹಾಳೆ, ಕಪ್ಪು ಗೆರೆ, ತಕರಾರಿಲ್ಲ. ಅವಳಾದರೋ ದಾರದಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾರೋ ಒಂದು ಚೂರು ಬಟ್ಟೆ ತಂದು ಮೇಜಿನ ಮೇಲಿಟ್ಟರೆ, ಅವರು ಬಾಯಿ ತೆರೆಯುವ ಮೊದಲೇ ಅವಳ ಕೈ ಸರಿಯಾದ ಉಂಡೆಗೆ ಹೋಗಿರುತ್ತಿತ್ತು. ಹೀಗಾಗಿ ಮನೆಯಲ್ಲಿ ಗೆರೆಗಳೆಲ್ಲ ಅವನ ಖಾತೆ, ಬಣ್ಣಗಳೆಲ್ಲ ಅವಳ ಖಾತೆ. ಬೆಳಗ್ಗೆ ಅವನು ಅಂಗಿ ತೊಟ್ಟು ಬಾಗಿಲಲ್ಲಿ ನಿಲ್ಲುವುದು, ಅವಳು ಹೂಂ ಅಥವಾ ಉಹೂಂ ಅನ್ನುವುದು, ಉಹೂಂ ಅಂದರೆ ಅವನು ವಾದವಿಲ್ಲದೆ ಒಳಗೆ ಹೋಗುವುದು, ಇದು ಮದುವೆಯಾದಾಗಿನಿಂದ ನಡೆದುಬಂದದ್ದು.

ಫೋಟೋದ ಹುಚ್ಚು ಹಿಡಿದದ್ದು ಈಚೆಗೆ. ಭಾನುವಾರ ಬೆಳಕು ಹರಿಯುವ ಮುಂಚೆ ಮೊದಲ ಬಸ್ಸು ಹಿಡಿದು ಸಮುದ್ರತೀರಕ್ಕೆ ಹೋಗಿಬಿಡುವನು. ಮೊದಮೊದಲ ಚಿತ್ರಗಳಲ್ಲಿ ನೀರೂ ಆಕಾಶವೂ ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರಂತೆ ಅರ್ಧರ್ಧ ನಿಂತಿರುತ್ತಿದ್ದವು. ಊರಿನ ಫೋಟೋ ಕೂಟ ಸೇರಿದ ಮೇಲೆ ತಿದ್ದಿಕೊಂಡ. ದಿಗಂತ ನಟ್ಟನಡುವೆ ಬರಕೂಡದು, ದೋಣಿಯ ಮೂಗಿನ ಮುಂದೆ ಅದು ಹೋಗಲು ಜಾಗ ಬಿಡಬೇಕು, ಕಾಲ ಬುಡದಲ್ಲಿ ಹಗ್ಗವೋ ಕಲ್ಲೋ ಹೆಜ್ಜೆಗುರುತೋ ಇದ್ದರೆ ಕಣ್ಣು ಅದನ್ನು ಹಿಡಿದುಕೊಂಡು ಒಳಗೆ ನಡೆಯುತ್ತದೆ. ಇದನ್ನೆಲ್ಲ ಅವನು ಸರ್ಕಾರಿ ಆದೇಶದಂತೆ ಪಾಲಿಸಿದ. ಕ್ಯಾಮೆರಾದ ಸ್ಟ್ಯಾಂಡ್ ಮೇಲೆ ಗಾರೆಯವರ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಡುವಿಗೆ ಬರುವ ತನಕ ಉಸಿರು ಬಿಡುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಪಟಗಳನ್ನು ಸರಿಮಾಡಿ ಬರುವುದೂ ಶುರುವಾಗಿತ್ತು.

ಅವಳು ಮಾತ್ರ ಜೊತೆಗೆ ಹೋದವಳಲ್ಲ. "ನೀವು ಜೇಬಲ್ಲಿ ತರೋ ಮರಳೇ ಸಾಕು ನನಗೆ, ಗುಡಿಸಿ ಗುಡಿಸಿ ಸೊಂಟ ಬಿತ್ತು," ಅನ್ನುತ್ತಿದ್ದಳು. ಅಂಗಡಿಗೆ ರಜೆ ಇದ್ದದ್ದು ಭಾನುವಾರ ಒಂದೇ. ಆ ನಿದ್ದೆಯನ್ನು ಸಮುದ್ರಕ್ಕೆ ಬಿಟ್ಟುಕೊಡುವ ಉದಾರಿ ಅವಳಲ್ಲ. ಊರಿನವರಿಗೆ ಊರಿನ ಸಮುದ್ರ ಯಾವತ್ತೂ ನಾಳೆ ನೋಡುವ ವಸ್ತು. ಅಂಗಡಿಯ ದಾರಿಯಲ್ಲಿ ಅದರ ವಾಸನೆ ಬರುತ್ತಿತ್ತು, ಆದರೆ ನಡುವೆ ಗೋದಾಮುಗಳ ಸಾಲು. ಅವಳು ಅದನ್ನು ಕಣ್ಣು ತುಂಬ ನೋಡಿದ್ದು ಮದುವೆಯಾದ ಹೊಸತರಲ್ಲಿ, ಒಂದು ಸಂಜೆ.

ಅದಕ್ಕೇ ಅವನ ಚಿತ್ರಗಳಲ್ಲಿ ಸಮುದ್ರ ಮಂಕಾಗಿ, ಪಾತ್ರೆ ತೊಳೆದ ನೀರಿನ ಹಾಗೆ ಕಂಡಾಗ ಅವಳಿಗೆ ಅಚ್ಚರಿಯಾಗಲಿಲ್ಲ. ಕ್ಯಾಮೆರಾ ಯಾರೋ ಬಳಸಿ ಬಿಟ್ಟದ್ದು. "ಪಾಪ, ವಯಸ್ಸಾಗಿದೆ. ಅದಕ್ಕೂ ಕಣ್ಣಿಗೆ ಪೊರೆ ಬಂದಿದೆ," ಎಂದು ಬಟಾಣಿಯ ಬುಟ್ಟಿ ಕೆಳಗಿಟ್ಟು ಮೌಸ್ ಹಿಡಿದಳು. ದೋಣಿ, ಬಲೆ, ಆಕಾಶ ಯಾವುದನ್ನೂ ಮುಟ್ಟಲಿಲ್ಲ, ನೀರನ್ನಷ್ಟೇ ತೊಳೆದಳು. ಬಣ್ಣದ ಗುಂಡಿಯನ್ನು ಮೆಲ್ಲಗೆ ಸರಿಸುತ್ತ ಹೋಗಿ, ಅಂಗಡಿಯ ಮೇಲಿನ ಹಲಗೆಯಲ್ಲಿ ಕಿಟಕಿಯ ಪಕ್ಕ ಕೂತಿರುವ ನವಿಲುಗತ್ತಿನ ಬಣ್ಣದ ದಾರದುಂಡೆ ನೆನಪಾದಾಗ ನಿಲ್ಲಿಸಿದಳು.

"ಈಗ ಸಮುದ್ರ ಆಯ್ತು ನೋಡಿ."

"ಹೌದಾ?" ಎಂದ ಅವನು. ಅಲ್ಲಿಗೆ ಅದು ಇತ್ಯರ್ಥವಾಯಿತು.

ಕೂಟದ ಸಭೆ ಶನಿವಾರ ಸಂಜೆ, ಗ್ರಂಥಾಲಯದ ಮಹಡಿಯಲ್ಲಿ. ಮುಂದಿನ ವಾರ ಅದೇ ಕೋಣೆಯಲ್ಲಿ ಪ್ರದರ್ಶನ. ಯಾವ ಚಿತ್ರ ಎಲ್ಲಿ ತೂಗಬೇಕೆಂದು ತೀರ್ಮಾನಿಸುವವರು ಅಧ್ಯಕ್ಷರಾದ ಹಲ್ಲಿನ ಡಾಕ್ಟರು. ಅವರು ಚಿತ್ರವನ್ನೂ ಬಾಯಿ ತೆರೆಸಿದವರಂತೆಯೇ ನೋಡುತ್ತಿದ್ದರು, ತಲೆ ಓರೆ ಮಾಡಿ, ಒಳಗೆಲ್ಲೋ ಹುಳುಕಿದೆ ಎಂಬ ಭರವಸೆಯಿಂದ. ದೋಣಿಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಜೋಡಣೆ ಅಂದ್ರೆ ಇದು. ಹಗ್ಗ ನೋಡಿ, ಕೈ ಹಿಡಿದು ದೋಣಿಗೆ ಕರ್ಕೊಂಡು ಹೋಗುತ್ತೆ. ನನ್ನ ಪಾಠ ಇವರೊಬ್ಬರಿಗಾದರೂ ತಲೆಗೆ ಹೋಯ್ತು." ಆಮೇಲೆ ಕನ್ನಡಕ ಹಣೆಗೇರಿಸಿದರು. "ಅಲ್ಲ ಸ್ವಾಮಿ, ಈ ಸಮುದ್ರ ಯಾವ ಊರಿಂದು? ನಮ್ಮದು ಇಷ್ಟು ಚೆನ್ನಾಗಿ ಸ್ನಾನ ಮಾಡಿದ್ದನ್ನ ನಾನಂತೂ ಕಂಡಿಲ್ಲ."

ಕೋಣೆ ನಕ್ಕಿತು. ಹಿಂದಿನ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟು ಕೂತಿದ್ದ ಹೆಂಡತಿಯ ಕಿವಿ ಬಿಸಿಯಾಯಿತು. ಅದಕ್ಕಿಂತ ದೊಡ್ಡ ಆಘಾತವೆಂದರೆ ಗಂಡ ಎದ್ದು ನಿಂತದ್ದು. ಕಚೇರಿಯ ಸಭೆಯಲ್ಲಿ ಕೈಯನ್ನೂ ಪೂರ್ತಿ ಎತ್ತದ ಮನುಷ್ಯ.

"ಗೆರೆ ತಪ್ಪಿದ್ರೆ ನನ್ನನ್ನ ಅನ್ನಿ ಡಾಕ್ಟ್ರೇ. ಬಣ್ಣ ನನ್ನ ಹೆಂಡತೀದು. ಅವಳ ಕಣ್ಣು ತಪ್ಪಲ್ಲ."

ಡಾಕ್ಟರು ಒಳ್ಳೆಯವರೇ. ಕೈ ಎದೆಗಿಟ್ಟುಕೊಂಡು ಹಿಂದಿನ ಸಾಲಿಗೆ ಬಾಗಿದರು. "ನಿಮ್ಮನ್ನ ಅಂದಿದ್ದಲ್ಲ ತಾಯಿ. ಒಂದು ಕೆಲಸ ಮಾಡಿ. ಇದೇ ಪ್ರಿಂಟ್ ಹಿಡ್ಕೊಂಡು ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ಪಕ್ಕಪಕ್ಕ ನೋಡಿ. ನಾನು ತಪ್ಪು ಅಂತಾದ್ರೆ ಬಾಗಿಲೆದುರಿನ ಗೋಡೆ ಪೂರ್ತಿ ನಿಮ್ಮದು."

"ಮತ್ತೆ ಎಲ್ಲರ ಮುಂದೆ ಒಪ್ಕೋಬೇಕು," ಎಂದ ಗಂಡ.

ದಾರಿಯಲ್ಲಿ ಅವಳು ಬಯ್ದಳು. "ಏನು ಅವಸರ ಇತ್ತು ನಿಮಗೆ ಎದ್ದು ನಿಲ್ಲೋಕೆ?"

"ನಿನ್ನ ಕಣ್ಣಿಗೆ ಹೆಸರಿಟ್ಟರೆ ಸುಮ್ಮನೆ ಕೂತಿರ್ಲಾ?"

ಮರುದಿನ ಅವಳು ನಿದ್ದೆ ಬಿಟ್ಟು ಅವನ ಜೊತೆ ಮೊದಲ ಬಸ್ಸು ಹತ್ತಿದಳು. ಚೀಲದಲ್ಲಿ ಅಂಗಡಿಯ ಬಣ್ಣದ ಕಾರ್ಡು ಇಟ್ಟುಕೊಂಡಿದ್ದಳು. ದಪ್ಪ ರಟ್ಟಿನ ಮೇಲೆ ಸಾಲುಸಾಲಾಗಿ ಸುತ್ತಿದ ದಾರದ ತುಣುಕುಗಳು. ಸಮುದ್ರ ತಕರಾರು ತೆಗೆದರೆ ಸಾಕ್ಷಿಗೆ ಇರಲಿ ಎಂದು.

ದಿಬ್ಬ ಇಳಿದಾಗ ಸಮುದ್ರ ಎದುರಾಯಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. ಬೂದಿ. ಕಾರ್ಡಿನ ಕೊನೆಯ ಸಾಲಿನಲ್ಲಿ, ಯಾರೂ ಕೇಳದ, ಗೋಣಿಚೀಲ ಹೊಲಿಯುವವರಷ್ಟೇ ಒಯ್ಯುವ ಬೂದಿ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಲ್ಲ ಕಡೆಯೂ ಅದೇ. ಕ್ಯಾಮೆರಾಕ್ಕೆ ಪೊರೆಯೂ ಬಂದಿರಲಿಲ್ಲ, ಮಣ್ಣೂ ಬಂದಿರಲಿಲ್ಲ. ಅದು ಪಾಪ ಕಂಡದ್ದನ್ನು ಕಂಡಹಾಗೆ ಹೇಳಿತ್ತು.

ಅಷ್ಟರಲ್ಲಿ ಗಂಡ ಅದೇ ದೋಣಿಯ ಪಕ್ಕ ನಿಂತು, ಪ್ರಿಂಟನ್ನು ತೋಳುದ್ದ ಹಿಡಿದು, ಒಂದು ಕಣ್ಣು ಮುಚ್ಚಿ ಸಮುದ್ರಕ್ಕೆ ತಾಳೆ ನೋಡುತ್ತಿದ್ದ. ಮುಖ ಅರಳಿತು.

"ನೋಡೇ ಇಲ್ಲಿ! ಹೇಳಲಿಲ್ವಾ ನಾನು? ಒಂಚೂರು ಹೆಚ್ಚುಕಮ್ಮಿ ಇಲ್ಲ. ಅಚ್ಚು ಹೊಡೆದ ಹಾಗಿದೆ."

ತನ್ನನ್ನು ಸಮಾಧಾನ ಮಾಡುತ್ತಿದ್ದಾನೆಯೇ ಎಂದು ಅವಳು ಅವನ ಮುಖ ನೋಡಿದಳು. ಇಲ್ಲ, ನಿಜವಾಗಿ ಹಿಗ್ಗಿದ್ದ. ಕೆಂಪು ಹಸಿರಿನ ಗಲಿಬಿಲಿ ಅವಳಿಗೆ ಗೊತ್ತಿದ್ದದ್ದೇ. ಆದರೆ ಮೇಲಿನ ಹಲಗೆಯ ನವಿಲುಗತ್ತೂ ಕೆಳಗಿನ ಹಲಗೆಯ ಬೂದಿಯೂ ಅವನಿಗೆ ಒಂದೇ ಆಗಿರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ.

ಹೂಂ ಅಂದುಬಿಡಬಹುದಿತ್ತು. ಬಾಗಿಲಲ್ಲಿ ನಿಂತ ಅಂಗಿಗೆ ಅನ್ನುವ ಹಾಗೆ. ಹಾಗಂದರೆ ಅವನು ಮತ್ತೆ ಆ ಕೋಣೆಯಲ್ಲಿ ಎದ್ದು ನಿಲ್ಲುತ್ತಾನೆ, ಎಲ್ಲರ ಮುಂದೆ ಅವಳ ಕಣ್ಣಿಗೆ ಜಾಮೀನು ಕೊಡುತ್ತಾನೆ, ಜನ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ, ಏನೆಂದು ತಿಳಿಯದೆ ಅವನೂ ಜೊತೆಗೆ ನಗುತ್ತಾನೆ. ಆ ನಗು ಅವಳ ಕಣ್ಣಿಗೆ ಕಟ್ಟಿತು.

"ರೀ. ಡಾಕ್ಟ್ರು ಹೇಳಿದ್ದೇ ಸರಿ."

"ಯಾವ ಡಾಕ್ಟ್ರು?" ಎಂದ, ಡಾಕ್ಟರುಗಳು ಸಾಲುಗಟ್ಟಿ ನಿಂತಿರುವಂತೆ. ಪ್ರಿಂಟ್ ಹಿಡಿದ ಕೈ ಇಳಿಯಲಿಲ್ಲ.

ಅವಳು ಕಾರ್ಡು ತೆಗೆದು ಎರಡು ದಾರಗಳ ಮೇಲೆ ಉಗುರಿಟ್ಟು ತೋರಿಸಿದಳು. "ಇದು ನಿಮ್ಮ ಫೋಟೋದ್ದು. ಇದು ಇಲ್ಲಿರೋದು."

ಅವನು ಬಗ್ಗಿ ನೋಡಿದ. ಕಾರ್ಡನ್ನು ಬೆಳಕಿಗೆ ತಿರುಗಿಸಿ ನೋಡಿದ. "ಒಂದೇ ದಾರ ಎರಡು ಕಡೆ ಸುತ್ತಿದ್ದಾರೆ ಅಷ್ಟೆ."

"ಇಲ್ಲ ರೀ."

ಒಂದು ಅಲೆ ಬಂದು ಹಗ್ಗವನ್ನು ನೆನೆಸಿ ಹಿಂದೆ ಹೋಯಿತು. ಅವನು ಪ್ರಿಂಟನ್ನು ಹುಷಾರಾಗಿ, ಮಡಿಕೆ ಬೀಳದಂತೆ ಸುರುಳಿ ಸುತ್ತಿದ. "ಮತ್ತೆ ನೀನ್ಯಾಕೆ ಹಾಗೆ..."

"ಕ್ಯಾಮೆರಾ ಕೆಟ್ಟಿದೆ ಅಂದ್ಕೊಂಡೆ. ನಾನು ನೋಡಿದ ಸಮುದ್ರ ಹೀಗಿರಲಿಲ್ಲ."

"ನೀನ್ಯಾವಾಗ ನೋಡಿದ್ದೆ?"

"ನಿಮ್ಮ ಜೊತೇಲೇ. ಹೊಸ ಬೂಟು ಹಾಕ್ಕೊಂಡು ಜಂಭ ಮಾಡ್ತಾ ನೀರಿಗೆ ಇಳಿದಿರಲ್ಲ, ಆ ಸಂಜೆ."

"ಅವತ್ತು ಮೋಡ ಇತ್ತು ಕಣೇ."

"ಇರಲಿಲ್ಲ."

"ಇತ್ತು. ಮಳೆ ಬಂದು ಬಸ್ ನಿಲ್ದಾಣಕ್ಕೆ ಓಡಿದ್ವಿ. ಬೂಟು ಒಳಗೂ ಹೊರಗೂ ಒದ್ದೆಯಾಗಿ, ಪಚಕ್ ಪಚಕ್ ಅಂತಿತ್ತು. ನೀನು ದಾರಿಯುದ್ದ ನಕ್ಕೆ."

ಅವಳು ಅಲ್ಲ ಅನ್ನಲು ಬಾಯಿ ತೆರೆದಳು. ಪಚಕ್ ಪಚಕ್ ಕಿವಿಗೆ ಬಂತು. ನಿಲ್ದಾಣದ ತಗಡಿನ ಮೇಲೆ ಮಳೆ ಬಡಿದದ್ದೂ ಬಂತು. ಬಾಯಿ ಮುಚ್ಚಿ ಸಮುದ್ರವನ್ನು ನೋಡಿದಳು. ಆಮೇಲೆ, ಮರಳೆಂದರೆ ಆಗದವಳು, ಒದ್ದೆ ಮರಳಿನ ಮೇಲೆಯೇ ಕೂತಳು. ಅವನೂ ಮೊಣಕಾಲು ಹಿಡಿದು ಪಕ್ಕದಲ್ಲಿ ಕೂತ. ಬಿಸಿಲೇರುವ ತನಕ ಇಬ್ಬರೂ ಏಳಲಿಲ್ಲ.

ಮಧ್ಯಾಹ್ನ ಮತ್ತೆ ಅದೇ ಮೇಜು, ಅದೇ ಎರಡು ಕುರ್ಚಿ. ಅವಳು ಗುಂಡಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಸತೊಡಗಿದಳು. ಅವನು ಸ್ವಲ್ಪ ಹೊತ್ತು ಗಾಜು ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಏನಾದ್ರೂ ಆಗ್ತಿದೆಯಾ?"

"ಆಗ್ತಿದೆ."

"ಎಲ್ಲಿಗೆ ಬಂತು?"

"ಪಾಚಿ ಬಣ್ಣ. ಈಗ ಮಾಸಲು. ಈಗ ಬೂದಿ."

"ಪೂರ್ತಿ ತೆಗೀಬೇಡ. ಸ್ವಲ್ಪ ಉಳಿಸು."

"ನಿಮಗೆ ಹೇಗೂ ಕಾಣಲ್ಲ. ಯಾರಿಗೆ ಉಳಿಸ್ಲಿ?"

"ಇರಲಿ ಬಿಡೇ. ಡಾಕ್ಟ್ರಿಗೆ ಕಾಣುತ್ತಲ್ಲ."

ಅವಳು ನಗಲಿಲ್ಲ. ಕನ್ನಡಕ ಒರೆಸಿಕೊಂಡು ಚಿತ್ರವನ್ನು ದೊಡ್ಡದು ಮಾಡಿ, ನೀರು ಮುಗಿದು ಆಕಾಶ ಶುರುವಾಗುವಲ್ಲಿ, ಆ ಅಂಚಿನುದ್ದಕ್ಕೂ, ಒಂದೆಳೆ ದಾರದಷ್ಟು ನವಿಲುಗತ್ತು ಬಿಟ್ಟಳು.

"ಎಲ್ಲಿ?" ಎಂದ ಅವನು.

ಅವಳು ಗಾಜಿಗೆ ಬೆರಳಿಟ್ಟು, ಈ ಕೊನೆಯಿಂದ ಆ ಕೊನೆಗೆ ಎಳೆದು ತೋರಿಸಿದಳು. ಅವನು ಕತ್ತು ವಾಲಿಸಿ, ಒಂದು ಕಣ್ಣು ಮುಚ್ಚಿ, ಆ ಬೆರಳು ಹೋದ ದಾರಿ ಮಟ್ಟವಾಗಿದೆಯೇ ಎಂದು ನೋಡಿದ.