ಕೌದಿಯ ಹೊಟ್ಟೆಗೆ ಒಂದು ಹಿಡಿ ಅಕ್ಕಿ

ಕಾತರಿನಾ ಕೋಳಿಯನ್ನೂ ನಂಬುವವಳಲ್ಲ. ಕಾವಿಗೆ ಕೂತ ಕೋಳಿಯನ್ನು ದಿನಕ್ಕೆರಡು ಸಲ ಎತ್ತಿ, ಕೆಳಗಿನ ಮೊಟ್ಟೆ ಇದ್ದಲ್ಲೇ ಇವೆಯೋ ಇಲ್ಲವೋ ನೋಡಿ, ಮತ್ತೆ ಕೂರಿಸುತ್ತಿದ್ದಳು. ಆ ಕೋಳಿ ಬೇಸತ್ತು ಒಂದು ದಿನ ಪಕ್ಕದ ಹಿತ್ತಲಿಗೆ ಹೋಗಿ ಕೂತಾಗ, ‘ನೋಡ್ರಿ, ನಾ ಮೊದಲ ಹೇಳಿರಲಿಲ್ಲೇನು’ ಎಂದು ಅಂಬೇವಾಡಿಯ ಓಣಿಗೆಲ್ಲ ಸಾರಿಕೊಂಡು ಬಂದಿದ್ದಳು. ಇಂಥವಳ ಮನೆಯಲ್ಲಿ, ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಒಂದು ವಾರ ಇರುವಾಗ, ಪೆಟ್ಟಿಗೆಯೊಳಗಿನ ಹೊಸ ಬಟ್ಟೆ ಕಾಣೆಯಾದರೆ ಏನಾದೀತು, ನೀವೇ ಹೇಳಿ.

ಅದು ಎಪ್ಪತ್ತೊಂಬತ್ತನೇ ಇಸವಿಯ ಡಿಸೆಂಬರ್. ಗಂಡ ಲಾರೆನ್ಸನಿಗೆ ಕಾಗದದ ಮಿಲ್ಲಿನಲ್ಲಿ ಪಾಳಿಯ ಕೆಲಸ. ಕಾತರಿನಾಗೆ ಬೆಳಿಗ್ಗೆ ಸಾಹೇಬರ ಮೂರು ಬಂಗಲೆಗಳ ಬಟ್ಟೆ, ಪಾತ್ರೆ. ಮಿಲ್ಲಿನ ಮಧ್ಯಾಹ್ನದ ಭೋಂಗಾ ಕೂಗಿದಾಗಲೇ ಅವಳು ಮನೆಯ ಹೊಸ್ತಿಲು ಕಾಣುವುದು. ಹಬ್ಬದ ತಯಾರಿಯೆಲ್ಲ ಹೀಗೆ ಸಿಕ್ಕ ಸಿಕ್ಕ ಹೊತ್ತಿನಲ್ಲೇ ಆಗಬೇಕು. ಲಾರೆನ್ಸ ಪಾಳಿಗೆ ಹೋಗುವ ಮುಂಚೆ ಬಿದಿರು ಸೀಳಿ ನಕ್ಷತ್ರದ ಹಂದರ ಕಟ್ಟಿಟ್ಟು ಹೋಗುವನು. ಅದಕ್ಕೆ ಮೈದಾದ ಅಂಟಿನಲ್ಲಿ ಗಾಳಿಪಟದ ತೆಳು ಬಣ್ಣದ ಕಾಗದ ಹಚ್ಚುವುದು, ಮತ್ತೆ ನಾತಾಳಕ್ಕೆಂದು ಮನೆಗೊಂದು ಹೊಸ ಕೌದಿ ಹೊಲಿಯುವುದು ಅತ್ತೆ ಇಸಬೇಲಿಯ ಪಾಲಿನ ಕೆಲಸ.

ಇಸಬೇಲಿ ಸಾಂಬ್ರಾಣಿ ಊರಿನ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದವಳು. ಕೌದಿ ಹೊಲಿಯುವುದರಲ್ಲಿ ಅವಳ ಕೈಗೆ ಎದುರಿಲ್ಲ. ಹಳೆಯ ಸೀರೆ, ಅಂಗಿ, ಲಂಗ ಎಲ್ಲ ಕತ್ತರಿಸಿ, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಹೊಲಿದುಕೊಂಡು ಬರಬೇಕು. ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿದ ಹೂವು ಇರಬೇಕು, ಇಲ್ಲದಿದ್ದರೆ ಅದು ಬೋಳು ಕೌದಿ. ಕಡೆಗೆ ನಟ್ಟ ನಡುವೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಮುಚ್ಚಬೇಕು. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂಬುದು ಇಸಬೇಲಿಯ ಮಾತು.

ಈ ಮಾತಿಗೂ ಕಾತರಿನಾ ‘ಅಕ್ಕೀನ್ಯಾಕ, ರಾಗಿ ಹಾಕಿದ್ರ ಬೆಚ್ಚಗಾಗಂಗಿಲ್ಲೇನು?’ ಎಂದು ಕೇಳಿದವಳೇ. ಮದುವೆಯಾಗಿ ಹನ್ನೊಂದು ವರ್ಷ. ಅತ್ತೆಯ ಯಾವ ಮಾತಿಗೂ ಒಂದೇ ಏಟಿಗೆ ‘ಹೂಂ’ ಎಂದವಳಲ್ಲ. ಅತ್ತೆಗೂ ಅದು ಬೇಕು. ಸೊಸೆ ಎದುರಾಡದ ದಿನ ಮುದುಕಿಗೆ ಅನ್ನ ಇಳಿಯುತ್ತಿರಲಿಲ್ಲ.

ಕಾಣೆಯಾದದ್ದು ಬಿಳಿ ಪಾಪ್ಲಿನ್. ಮಗಳು ರೋಜಿ ಈ ಸಲ ಇಗರ್ಜಿಯಲ್ಲಿ, ದೇವಕುಮಾರ ಕೊಟ್ಟಿಗೆಯಲ್ಲಿ ಹುಟ್ಟುವ ಗೋದಲಿ ಆಟದಲ್ಲಿ ದೇವದೂತೆ. ಎರಡು ವರ್ಷ ಬಂಗಲೆ ಮಕ್ಕಳ ಹಳೆಯ ಫ್ರಾಕು ತೊಟ್ಟ ಹುಡುಗಿಗೆ ಈ ಹಬ್ಬಕ್ಕಾದರೂ ಹೊಸದು ಎಂದು ಹಟ ಮಾಡಿ ಕಾತರಿನಾ ತಂದ ಬಟ್ಟೆ ಅದು. ಅಂಗಡಿಯವನು ‘ಕುಗ್ಗಂಗಿಲ್ರೀ’ ಎಂದಿದ್ದ. ಅಂಗಡಿಯವನ ಮಾತು ನಂಬಲಿಕ್ಕಾಗುತ್ತದೆಯೇ? ಮೂರು ಸಲ ನೀರಿಗೆ ಹಾಕಿ, ಕಲ್ಲಿಗೆ ಬಡಿದು, ಗಂಜಿಯೆಲ್ಲ ಬಿಡಿಸಿ, ಒಣಗಿಸಿ, ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಆ ಮಂಗಳವಾರ ಹೊಲಿಯೋಣವೆಂದು ಮುಚ್ಚಳ ಎತ್ತಿದರೆ ಮೇಲಿದ್ದ ಬಟ್ಟೆ ಇಲ್ಲ.

“ಅತ್ತೀ, ರೋಜೀದು ಬಿಳೇ ಬಟ್ಟಿ ಎಲ್ಲೈತಿ?”

“ನನ್ನ ಕೇಳ್ತಿಯಲ್ಲ, ನಾ ಯಾಕ ಮುಟ್ಟಲಿ ಹೊಸಾ ಬಟ್ಟಿ?” ಎಂದಳು ಇಸಬೇಲಿ. “ನಾ ತಗೊಂಡಿದ್ದು ಹಳೇ ಬಟ್ಟಿ ಅಷ್ಟ.”

ಅತ್ತೆ ಜಗಳ ಕಾಯುವವಳು, ಸುಳ್ಳು ಹೇಳುವವಳಲ್ಲ. ಹಾಗಾದರೆ ಮನೆಗೆ ಬಂದು ಹೋಗುವವರು ಇನ್ಯಾರು? ಕಾತರಿನಾಳ ಕಿವಿ ನೆಟ್ಟಗಾಯಿತು. ರುಕ್ಮಾ!

ರುಕ್ಮಾ ಎರಡು ಮನೆ ಆಚೆಯವಳು, ಮುಂಡಗೋಡದ ಇಂದೂರ ಕಡೆಯಿಂದ ಬಂದವಳು. ಅವರು ತುಳಸಿಗೆ ನೀರು ಹಾಕುವವರು, ಇವರು ಶಿಲುಬೆಗೆ ಮೇಣದಬತ್ತಿ ಹಚ್ಚುವವರು. ಆದರೂ ಇಬ್ಬರೂ ಸಿದ್ದಿಗಳೇ. ಒಂದೇ ಕುಲದವರೆಂದು ಅಕ್ಕ ತಂಗಿಯರಂತೆ ಇದ್ದವರು. ಈ ತಿಂಗಳು ಮಾತ್ರ ರುಕ್ಮಾ ದಿನಾ ಬರತೊಡಗಿದ್ದಳು, ಅದೂ ಕಾತರಿನಾ ಬಂಗಲೆಗೆ ಹೊರಟ ಮೇಲೆ. ಭೋಂಗಾ ಕೂಗುವ ಹೊತ್ತಿಗೆ ಎದ್ದು ಹೋಗಿಬಿಡುವಳು. ಒಂದು ದಿನ ಕಾತರಿನಾ ಬೇಗ ಬಂದಾಗ ಒಳಗಿನ ಗುಸುಗುಸು ತಟ್ಟನೆ ನಿಂತಿತ್ತು. ರುಕ್ಮಾ ಏನೋ ಒಂದು ಬಟ್ಟೆಯ ಸುರುಳಿಯನ್ನು ಮುದುಕಿಯ ಚಾಪೆ ಕೆಳಗೆ ತಳ್ಳಿದ್ದಳು. ‘ಏನಕ್ಕಾ ಅದು?’ ಎಂದರೆ ‘ಏನಿಲ್ಲವಾ’ ಎಂದು ಸೆರಗು ಕೊಡವಿ ಎದ್ದು ಹೋಗಿದ್ದಳು.

ನಕ್ಷತ್ರದ್ದೂ ಹಾಗೇ. ಐದು ಮೂಲೆ ಕೆಂಪು, ಬಾಲ ಹಸಿರು ಎಂದು ಮಾತಾಗಿತ್ತು. ಹಚ್ಚಿ ಮುಗಿದಾಗ ನಾಲ್ಕು ಮೂಲೆ ಕೆಂಪು, ಒಂದು ಹಸಿರು. ಬಾಲ ನೋಡಿದರೆ ಕೆಂಪು!

“ಹಿಂಗ್ಯಾರರ ಹಚ್ತಾರ?” ಎಂದು ಕೇಳಿದಾಗ ಇಸಬೇಲಿ ನಕ್ಷತ್ರವನ್ನು ಬೆರಳಿನಿಂದ ಸವರಿ, “ಹಂಗ ಹಚ್ಚಿದ್ರನ ಛಂದ. ನಿನಗೇನ ತಿಳೀತೈತಿ,” ಎಂದಿದ್ದಳು. ಇಬ್ಬರೂ ಸೇರಿ ತನ್ನನ್ನು ಆಡಿಸುತ್ತಿದ್ದಾರೆಂದು ಕಾತರಿನಾಗೆ ಆವತ್ತೇ ಅನಿಸಿತ್ತು. ಈಗ ಎಲ್ಲ ತಾಳೆಯಾಯಿತು. ಚಾಪೆ ಕೆಳಗೆ ಕೈ ಹಾಕಿ ನೋಡಿದರೆ ಸುರುಳಿಯೂ ಇಲ್ಲ. ಮುದುಕಿಯನ್ನು ಮಾತಿನಲ್ಲಿ ಕೂರಿಸಿ ಆಕೆ ಪೆಟ್ಟಿಗೆ ತೆಗೆದಿದ್ದಾಳೆ, ಇನ್ನೇನು? ತಲೆಯಲ್ಲಿ ಹುಳ ಹೊಕ್ಕಿತು ಎಂದರೆ ಕಾತರಿನಾಗೆ ಕೂತಲ್ಲಿ ಕೂರಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಕೊಡ ಹೊತ್ತು ಸೀದಾ ನಳಕ್ಕೆ ಹೋದಳು. ಓಣಿಯ ಹೆಂಗಸರೆಲ್ಲ ಪಾಳಿ ಹಚ್ಚಿ ನಿಂತಿದ್ದರು.

“ರುಕ್ಮಕ್ಕಾ, ನನ್ನ ಮಗಳ ಬಟ್ಟಿ ಕೊಟ್ಟಬಿಡು. ಹಬ್ಬ ಹತ್ರ ಬಂತು.”

ರುಕ್ಮಾಳ ಕೈಯಲ್ಲಿದ್ದ ಕೊಡ ಹಾಗೇ ನಿಂತಿತು. “ಏನಂದಿ?”

“ತಿಳೀಲಿಲ್ಲೇನು? ನಾ ಇಲ್ಲದಾಗ ಮನಿ ಹೊಕ್ಕು ಬರಾಕಿ ನೀನ ಒಬ್ಬಾಕಿ. ಬಿಳೇ ಪಾಪ್ಲಿನ್ ಕೇಳಾಕತ್ತೇನಿ.”

ಹೆಂಗಸರೆಲ್ಲ ರುಕ್ಮಾಳ ಕಡೆ ತಿರುಗಿದರು. ರುಕ್ಮಾಳ ತುಟಿ ಎರಡು ಸಲ ಅಲುಗಿತು. ಹೇಳಲು ಏನೋ ಇದೆ, ಹೇಳುತ್ತಿಲ್ಲ ಎಂಬುದು ಕುರುಡರಿಗೂ ಕಾಣುವಂತಿತ್ತು.

“ನಾ ತಗೊಂಡಿಲ್ಲ. ಇಷ್ಟ ಹೇಳ್ತೇನಿ. ಇದಕ್ಕಿಂತ ಹೆಚ್ಚಿಗಿ ಹೇಳಂಗಿಲ್ಲ,” ಎಂದವಳೇ ಅರ್ಧ ತುಂಬಿದ ಕೊಡವನ್ನು ಅಲ್ಲೇ ಚೆಲ್ಲಿ ಹೊರಟುಹೋದಳು. ‘ತಪ್ಪಿಲ್ಲದಾಕಿ ಹಿಂಗ ಹೋಗ್ತಾಳೇನ್ರಿ?’ ಎಂದು ಕಾತರಿನಾ ನಿಂತವರನ್ನೆಲ್ಲ ಕೇಳಿದಳು.

ಮನೆಯಲ್ಲಿ ಸುದ್ದಿ ತಿಳಿದ ಇಸಬೇಲಿ ಬೆಂಕಿಯಾದಳು. “ಆಕಿ ಅಂಥಾಕಿ ಅಲ್ಲ! ನಿನ್ನ ನಾಲಿಗಿ ಸುಡಲಿ!”

“ಯಾಕಷ್ಟ ಹೊಟ್ಟಿ ಉರೀತೈತಿ ನಿನಗ? ನಿಮ್ಮಿಬ್ಬರದೂ ಏನೋ ಐತಿ,” ಎಂದಳು ಕಾತರಿನಾ. ಅತ್ತೆ ಮಾತಿಗೆ ಮಾತು ಕೊಡದೆ ಬಿಟ್ಟದ್ದು ಕಾತರಿನಾಳ ಅನುಮಾನಕ್ಕೆ ಇನ್ನಷ್ಟು ಎಣ್ಣೆ ಹೊಯ್ದಿತು.

ರುಕ್ಮಾ ಬರುವುದು ನಿಂತಿತು. ಅದರ ಜೊತೆಗೆ ಕೌದಿಯೂ ನಿಂತಿತು! ಬುಧವಾರ ಎಲ್ಲಿತ್ತೋ ಗುರುವಾರವೂ ಅಲ್ಲೇ, ಶುಕ್ರವಾರವೂ ಅಲ್ಲೇ. ಕೇಳಿದರೆ “ಚಳಿಗೆ ಕೈ ಮರಗಟ್ಟ್ಯಾವು” ಎಂಬ ಉತ್ತರ. ಮೂವತ್ತು ವರ್ಷ ಕಾಡಿನ ಚಳಿಯಲ್ಲಿ ಹೊಲಿದ ಕೈ ಈಗ ಮರಗಟ್ಟುವುದೇ? ಶನಿವಾರ ಕಾತರಿನಾ ಒಂದು ಬಂಗಲೆಯ ಕೆಲಸ ಬಿಟ್ಟು, ಬೇಕೆಂದೇ ಬೇಗ ಬಂದು, ಬಾಗಿಲ ಸಂದಿಯಲ್ಲಿ ಸದ್ದಿಲ್ಲದೆ ನಿಂತಳು.

ಇಸಬೇಲಿ ಹಿತ್ತಲಿಗೆ ತೆರೆದ ಹಿಂಬಾಗಿಲಲ್ಲಿ, ಬಿಸಿಲು ಮುಖಕ್ಕೆ ಬೀಳುವಂತೆ ಓರೆಯಾಗಿ ಕೂತಿದ್ದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಸೂಜಿಯ ಕಣ್ಣಿಗೆ ತಂದಳು. ದಾರ ಸೂಜಿಯ ಪಕ್ಕದಿಂದ ಎರಡು ಬೆರಳು ಆಚೆ ಹೋಯಿತು. ಮತ್ತೆ ತಂದಳು. ಮತ್ತೆ ಆಚೆ. ಹೀಗೆ ಎಷ್ಟು ಸಲವೋ! ಕಡೆಗೆ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡು, ಬಾಯಲ್ಲಿಟ್ಟು ಚೀಪಿ, ಪೂರಾ ಬಿಳಿಯಾಗಿದ್ದ ಕಣ್ಣುಗಳನ್ನು ಸೆರಗಿನಿಂದ ಒರೆಸಿಕೊಂಡಳು.

ಕಾತರಿನಾ ಹನ್ನೊಂದು ವರ್ಷ ಈ ಮುಖದ ಜೊತೆ ಜಗಳವಾಡಿದ್ದಳು, ಆ ಕಣ್ಣನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಮುದುಕಿ ಎದ್ದು ಗೋಡೆ ಹಿಡಿದು ಬಚ್ಚಲಿಗೆ ಹೋದ ಮೇಲೆ, ಬಂದು ಕೌದಿ ಬಿಡಿಸಿದಳು. ನಡುವಿನ ಹೊಟ್ಟೆಯ ಸುತ್ತ, ಸಾಲು ಸಾಲು ಹೊಲಿಗೆಯ ಕೆಳಗೆ, ಬಿಳಿ ಪಾಪ್ಲಿನ್ ಹೊಳೆಯುತ್ತಿತ್ತು.

ಪೆಟ್ಟಿಗೆಗೆ ಓಡಿದಳು. ತಳದವರೆಗೆ ಕೆದಕಿದಾಗ ಕೌದಿಗೆಂದು ಎತ್ತಿಟ್ಟಿದ್ದ ತನ್ನ ಮದುವೆಯ ಬಿಳಿ ಲಂಗ ಸಿಕ್ಕಿತು. ಅತ್ತೆ ಹಳೆಯ ಲಂಗವೆಂದು ಮುಟ್ಟಿ ಮುಟ್ಟಿ ನೋಡಿ ಮೆತ್ತಗಿದ್ದ ಬಟ್ಟೆಯನ್ನು ತೆಗೆದಿದ್ದಾಳೆ. ಅದನ್ನು ಕಲ್ಲಿಗೆ ಬಡಿದು ಬಡಿದು ಹಳೆಯದರಂತೆ ಮೆತ್ತಗೆ ಮಾಡಿದವರು ಯಾರು? ಅಂಗಡಿಯವನನ್ನು ನಂಬದ ಕಾತರಿನಾ. ಆ ಹೊತ್ತಿನಲ್ಲಿ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಸೀದಾ ರುಕ್ಮಾಳ ಮನೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ರುಕ್ಮಾ ಬಾಗಿಲಲ್ಲೇ ನಿಂತು ಮಾತಾಡಿದಳು, ಒಳಗೆ ಕರೆಯಲಿಲ್ಲ.

“ಹೂಂ, ನಿಮ್ಮತ್ತಿಗೆ ಕಣ್ಣ ಕಾಣಂಗಿಲ್ಲಂತ ಗೊತ್ತಿತ್ತು. ಮುಂಜಾನೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಬಟ್ಟ್ಯಾಗ ಸುತ್ತಿ ಕೊಡ್ತಿದ್ದೆ. ಬಣ್ಣ ಹೇಳ್ತಿದ್ದೆ. ‘ಸೊಸಿಗೆ ಗೊತ್ತಾದ್ರ ಕೈಯಾಗಿನ ಸೂಜಿ ಕಸಗೋತಾಳ, ಆಮ್ಯಾಲ ನಾ ಈ ಮನ್ಯಾಗ ಏನ ಕೆಲಸಕ್ಕ ಬರ್ತೇನಿ’ ಅಂದಳು. ಯಾರಿಗೂ ಹೇಳಬ್ಯಾಡಂತ ಆಣಿ ಹಾಕಿಸಿಕೊಂಡಳು. ಆ ಒಂದಿನ ನಾ ತಡಾ ಮಾಡಿ ಬಂದೆ. ಅಷ್ಟ್ರಾಗ ನಿನ್ನ ಪಾಪ್ಲಿನ್ ಕತ್ತರಿಸಿ ಹೊಲದುಬಿಟ್ಟಿದ್ಲು. ಹೊಸಾ ಬಟ್ಟಿ ಅಂತ ಹೆಂಗ ಹೇಳ್ಲಿ ಆಕಿಗೆ? ಹಳ್ಯಾಳ ಸಂತ್ಯಾಗ ಅಂಥಾದ್ದ ತಂದು ಪೆಟಿಗ್ಯಾಗ ಇಡೂಣು ಅಂತಿದ್ದೆ. ನೀ ನಳದ ಮುಂದ ನಿಂತಿ.”

“ತಪ್ಪಾತಕ್ಕಾ,” ಎಂದಳು ಕಾತರಿನಾ.

“ಇಲ್ಲಿ ಹೇಳಿದ್ರ ಯಾರಿಗೆ ಕೇಳ್ತೈತಿ? ಕಳ್ಳಿ ಅಂದಿದ್ದು ನಳದ ಮುಂದ. ಅಲ್ಲೇ ಹೇಳು.”

ಭಾನುವಾರ ಬೆಳಿಗ್ಗೆ ಕಾತರಿನಾ ನಳಕ್ಕೆ ಕೊಡವಿಲ್ಲದೆ ಹೋದಳು. ‘ರುಕ್ಮಕ್ಕ ತಗೊಂಡಿಲ್ಲ. ಬಟ್ಟಿ ನನ್ನ ಮನ್ಯಾಗ ಐತಿ. ತಪ್ಪು ನಂದು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಯಾರೋ ಕಿಸಕ್ಕೆಂದರು. ಅವಳು ತಲೆ ತಗ್ಗಿಸಿಕೊಂಡೇ ಇನ್ನೊಮ್ಮೆ ಹೇಳಿದಳು. ಆಮೇಲೆ ರುಕ್ಮಾ ಮನೆಗೆ ಬಂದಳು. ಮದುವೆಯ ಲಂಗ ಕತ್ತರಿಸಿ ರೋಜಿಗೆ ಫ್ರಾಕು ಮಾಡಲು ಕೂತಳು. ಮುದುಕಿಗೆ ಮಾತ್ರ ಏನೂ ಹೇಳುವುದು ಬೇಡವೆಂದು ಇಬ್ಬರೂ ಮಾತಾಡಿಕೊಂಡರು.

ಮರುದಿನ, ಹಬ್ಬದ ಮುಂಚಿನ ದಿನ, ಕೌದಿಯ ಹೊಟ್ಟೆ ತುಂಬುವ ಹೊತ್ತು. ಇಸಬೇಲಿ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಒಂದು ಕಡೆ ರುಕ್ಮಾ, ಇನ್ನೊಂದು ಕಡೆ ಅಕ್ಕಿಯ ಬಟ್ಟಲು ಹಿಡಿದ ಕಾತರಿನಾ. ಮುದುಕಿ ಕಡೆಯ ತುಂಡು ಬಟ್ಟೆ ಎತ್ತಿ ಹಿಡಿದಳು. ಅದು ಲಾರೆನ್ಸನ ಮಿಲ್ಲಿನ ನೀಲಿ ಅಂಗಿಯದು.

“ಕಾತ್ರೀ, ಈ ಕೆಂಪ ತುಂಡ ಬಿಳೇದರ ಮ್ಯಾಲ ಒಪ್ಪತೈತೇನ?”

“ಹೂಂ ಅತ್ತಿ,” ಎಂದಳು ಕಾತರಿನಾ ತಕ್ಷಣ. “ಕೆಂಪ ಭಾಳ ಛಂದ ಒಪ್ಪತೈತಿ.”

ಮುದುಕಿಯ ಕೈ ನಿಂತಿತು. ಮುಖವನ್ನು ಸೊಸೆಯ ದನಿ ಬಂದ ಕಡೆ ತಿರುಗಿಸಿದಳು.

“ಹನ್ನೊಂದ ವರ್ಷದಾಗ ನನ್ನ ಮಾತಿಗೆ ಒಮ್ಮೆರೆ ಹಿಂಗ ಹೂಂ ಅಂದೀಯೇನ ನೀ?”

ಕಾತರಿನಾ ಅಕ್ಕಿಯ ಬಟ್ಟಲನ್ನು ಕೆಳಗಿಟ್ಟಳು. ರುಕ್ಮಾ ನೆಲ ನೋಡಿದಳು.

“ಗೊತ್ತಾಗೈತಿ ನಿನಗ,” ಎಂದಳು ಇಸಬೇಲಿ. ಅವಳ ಬೆರಳುಗಳು ಮೆಲ್ಲಗೆ ಬಿಳಿ ಬಟ್ಟೆಯ ಮೇಲೆ ಹರಿದಾಡಿ, ಒಂದು ಕಡೆ ನಿಂತವು. “ಹಂಗಾದ್ರ ಇದು... ನನ್ನ ರೋಜೀದು?”

ಮುದುಕಿ ಸೂಜಿಯನ್ನು ಕೌದಿಗೆ ಚುಚ್ಚಿ, ತೊಡೆಯ ಮೇಲಿಂದ ಆಚೆ ತಳ್ಳಿದಳು. “ತಗೋರಿ. ಇನ್ನ ನೀವ ಹೊಲೀರಿ.”

ಆ ಕೌದಿ ನೆಲಕ್ಕೆ ಜಾರಿದ್ದನ್ನು ಕಂಡು ಕಾತರಿನಾಳ ಮೈಯೆಲ್ಲ ಉರಿದುಹೋಯಿತು. ಮರುಕ ಗಿರುಕ ಎಲ್ಲ ಮರೆತೇಹೋಯಿತು.

“ಏನ ಧಾಡಿ ಬಂದೈತಿ ನಿನಗ? ಕಣ್ಣ ಕಾಣಂಗಿಲ್ಲ ಅಂತ ಒಂದ ಮಾತ ಹೇಳಾಕ ಬಾಯಿಗೆ ಏನಾಗಿತ್ತು? ಹೊಸಾ ಬಟ್ಟಿ ಕತ್ತರಿಸಿ ಹಾಳ ಮಾಡಿದಿ, ನಕ್ಷತ್ರಕ್ಕ ಹಸಿರ ಮೂಲಿ ಹಚ್ಚಿದಿ, ನಿನ್ನ ಸಲುವಾಗಿ ನಾ ನಳದ ಮುಂದ ಮರ್ಯಾದಿ ಕಳಕೊಂಡೆ! ಇದು ಕೆಂಪ ಅಲ್ಲ, ನೀಲಿ! ನಿನ್ನ ಮಗನ ಅಂಗಿ! ನಾಳಿಂದ ದಾರ ನಾ ಪೋಣಸ್ತೇನಿ, ಬಣ್ಣ ನಾ ಹೇಳ್ತೇನಿ. ಸೂಜಿ ಮಾತ್ರ ಕೆಳಗ ಇಟ್ಟಿ ಅಂದ್ರ ನೋಡು, ನಾತಾಳದ ಊಟ ಹಾಕಂಗಿಲ್ಲ ನಿನಗ!”

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂದುಬಿಟ್ಟಿತು. ಕೌದಿಯನ್ನು ಎತ್ತಿ ಅತ್ತೆಯ ತೊಡೆಗೆ ಒಗೆದಳು. ಇಸಬೇಲಿ ಅದನ್ನು ತಡವಿ, ನಡುವಿನ ಹೊಟ್ಟೆ ಹುಡುಕಿಕೊಂಡಳು. ಆಮೇಲೆ ಒಂದು ಕೈ ಮುಂದೆ ಚಾಚಿದಳು.

“ಒದರಬ್ಯಾಡ, ಓಣಿ ಮಂದಿ ಕೇಳ್ತಾರ. ಅಕ್ಕಿ ಕೊಡು.”

ಒಂದು ಹಿಡಿ ಅಕ್ಕಿ ಕೌದಿಯ ಹೊಟ್ಟೆಗೆ ಬಿತ್ತು. ನೀಲಿ ತುಂಡನ್ನು ಮೇಲಿಟ್ಟು ಮುದುಕಿ ಕಾದಳು. ಕಾತರಿನಾ ಮೂಗು ಒರೆಸಿಕೊಂಡು, ದಾರ ಪೋಣಿಸಿ, ತುದಿಗೆ ಗಂಟು ಹಾಕಿ, ಸೂಜಿಯನ್ನು ಅತ್ತೆಯ ಬೆರಳ ನಡುವೆ ಇಟ್ಟಳು.

ಇಸಬೇಲಿ ಹೊಲಿಗೆ ಹಾಕುವ ಮುಂಚೆ ದಾರವನ್ನು ಎರಡು ಸಲ ಜಗ್ಗಿ ನೋಡಿದಳು, ಸೊಸೆ ಹಾಕಿದ ಗಂಟು ಗಟ್ಟಿ ಇದೆಯೋ ಇಲ್ಲವೋ ಎಂದು.