ದರೆಗೆ ಕೊಟ್ಟ ಲಾರಿ

ಪ್ರಾಣಿಗಳಿಗೆಲ್ಲ ಮಾತು ಬರುತ್ತಿದ್ದ ಕಾಲ ಮುಗಿದು, ನಮ್ಮೂರು ಜಾವಳಿಗೆ ಫೋನ್ ಇನ್ನೂ ಬಂದಿರದ ಕಾಲದಲ್ಲಿ ಒಬ್ಬ ಸಿಪಾಯಿ ಇದ್ದ. ಅವನು ಮೂಡಲ ದಿಕ್ಕಿಗೆ ಯುದ್ಧಕ್ಕೆ ಹೋದ. ಯುದ್ಧ ಗೆದ್ದಾಯಿತು. ಒಂದು ಟ್ರಂಕು ಹೊತ್ತು ವಾಪಸ್ ಬಂದ, ಬಂದ ವಾರದಲ್ಲೇ ಒಂದು ಸುಳ್ಳು ಹೇಳಿದ. ಟ್ರಂಕಿಗೆ ತುಕ್ಕು ಹಿಡಿಯಿತು. ಸುಳ್ಳಿಗೆ ಹಿಡಿಯಲಿಲ್ಲ.

ನಮ್ಮ ಶಂಕರಮ್ಮಜ್ಜಿ ಹೇಳುವ ಕತೆಯಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಹುಲಿ ಬಂದಿರುತ್ತಿತ್ತು. ನಾನು ತರುವ ಹಾಗಿಲ್ಲ.

ಆ ಸಿಪಾಯಿ ನಮ್ಮ ಪಕ್ಕದ ಮನೆಯ ಮಂಜಯ್ಯ ದೊಡ್ಡಪ್ಪ. ಸೈನ್ಯ ಬಿಟ್ಟ ಮೇಲೆ ಎಸ್ಟೇಟೊಂದರಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದುಕೊಂಡಿದ್ದರು. ಕಾರ್ಗಿಲ್ ಯುದ್ಧ ಮುಗಿದದ್ದೇ ತಡ, ಊರೂರಿನವರಿಗೂ ಮಾಜಿ ಸೈನಿಕರ ನೆನಪಾಯಿತು. ಆರು ತಿಂಗಳಲ್ಲಿ ದೊಡ್ಡಪ್ಪನಿಗೆ ಏಳು ಶಾಲು ಬಂದವು. ಪ್ರತಿ ಸಭೆಯಲ್ಲೂ ಶಾಲು ಹೊದೆಸಿ, ಹಾರ ಹಾಕಿ, ಸಮಯದ ಅಭಾವ ಎಂದು ಹೇಳಿ ಊಟಕ್ಕೆ ಎಬ್ಬಿಸುತ್ತಿದ್ದರು. ಯುದ್ಧದಲ್ಲಿ ಏನಾಯಿತು ಅಂತ ಯಾರೂ ಕೇಳಲಿಲ್ಲ. ದೊಡ್ಡಪ್ಪನಿಗೂ ಅದೇ ಅನುಕೂಲವಾಗಿತ್ತು.

ಎಂಟನೆಯ ಶಾಲು ಕಳಸದ್ದು. ಎರಡು ಸಾವಿರದ ಇಸವಿಯ ಗಣರಾಜ್ಯೋತ್ಸವಕ್ಕೆ. ಅದೇ ದಿನ, ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡ ಕಳಸದ ಹಾಲೇಶನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುವುದೆಂದೂ ಆಗಿತ್ತು. ಹಾಲೇಶ, ದೊಡ್ಡಪ್ಪ ಒಂದೇ ಲಾರಿಯಲ್ಲಿ ಕೆಲಸ ಮಾಡಿದವರು. ಸನ್ಮಾನ ಸಮಿತಿಯ ಅಧ್ಯಕ್ಷ ಜಯದೇವಪ್ಪನವರು ಕಲ್ಲಿಗೆ ಕೆತ್ತಿಸುವ ಸಾಲನ್ನು ಚೀಟಿಯಲ್ಲಿ ಬರೆದು ತಂದರು: 'ಶತ್ರುವಿನ ಗುಂಡಿಗೆ ಎದೆಯೊಡ್ಡಿದ ವೀರ.'

ದೊಡ್ಡಪ್ಪ ಓದಿ ಚೀಟಿ ವಾಪಸ್ ಕೊಟ್ಟರು. "ಗುಂಡು ತಾಗ್ಲಿಲ್ಲ."

"ನೀವೇ ಬಂದು ಅವರ ಮನೇಲಿ ಹೇಳಿದ್ರಂತಲ್ಲ?"

"ಹೇಳಿದ್ದೆ."

"ಮತ್ತೆ?"

"ತಾಗ್ಲಿಲ್ಲ."

ಜಯದೇವಪ್ಪ ಕಾಫಿ ಕುಡಿದು ಮುಗಿಸಿದರು. "ನೋಡಿ ಮಂಜಯ್ಯೋರೆ, ಕಲ್ಲು ಕೆತ್ತೋನು ಶುಕ್ರವಾರ ಉಳಿ ಹಿಡೀತಾನೆ. ಅದರೊಳಗೆ ಹಾಲೇಶನ ಅಕ್ಕ ಒಪ್ಪಿದ್ರೆ ಬದಲಾಯಿಸಾಣ. ಆದ್ರೆ ಅವರಿಗೆ ನೀವೇ ಹೇಳ್ಬೇಕು. ನನ್ನ ಕೈಲಾಗಲ್ಲ."

ದೊಡ್ಡಪ್ಪನ ಕೈಲೂ ಆಗುತ್ತಿರಲಿಲ್ಲ. ಹಾಲೇಶನ ಅಕ್ಕ ಸಿದ್ದಗಂಗಮ್ಮನವರದು ಕಳಸದ ಪೇಟೆಯಲ್ಲಿ ದಿನಸಿ ಅಂಗಡಿ. ನಿಜ ಹೇಳಿಬಿಡಬೇಕು ಎಂದು ದೊಡ್ಡಪ್ಪ ಇಪ್ಪತ್ತೆಂಟು ವರ್ಷದಿಂದ, ವರ್ಷಕ್ಕೆ ಎರಡು ಸಲ, ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಅಂಗಡಿ ಮುಂದೆ ನಿಂತ ಮೇಲೆ ಬಾಯಿಂದ ಬರುತ್ತಿದ್ದದ್ದು "ಎರಡು ಕೇಜಿ ಉಪ್ಪು" ಅಷ್ಟೇ. ಅವರ ಮನೆಯಲ್ಲಿ ಉಪ್ಪಿಗೆ ಯಾವತ್ತೂ ತೊಂದರೆಯಾಗಲಿಲ್ಲ.

ಅವತ್ತು ಸಂಜೆ ನಮ್ಮ ಜಗಲಿಗೆ ಬಂದು ಕೂತರು. "ದೀಪಶ್ರೀ, ನೀನು ಕತೆ ಬರೀತೀಯಂತೆ. ನಾನು ಹೇಳ್ತೀನಿ, ಬರ್ಕೊ. ಅಕ್ಕನ ಮುಂದೆ ನೀನೇ ಓದು. ನಾನು ಪಕ್ಕದಲ್ಲಿ ನಿಂತಿರ್ತೀನಿ."

"ಆಯ್ತು ದೊಡ್ಡಪ್ಪ."

"ಕೊನೇವರೆಗೂ ಓದ್ಬೇಕು. ಅವರು ಅತ್ರೂ ಓದ್ಬೇಕು, ಬೈದ್ರೂ ಓದ್ಬೇಕು."

"ಓದ್ತೀನಿ" ಎಂದು ಮಾತು ಕೊಟ್ಟೆ.

ಅವರು ಹೇಳಿದ್ದು ಹತ್ತು ನಿಮಿಷ. ನಾನು ಬರೆದದ್ದು ಹನ್ನೊಂದು ಪುಟ. ಶಂಕರಮ್ಮಜ್ಜಿಯ ಕತೆ ಕೇಳಿ ಬೆಳೆದ ಕೈ, ಶುರುವಾದರೆ ನಿಲ್ಲುವುದಿಲ್ಲ. ಮಾರನೇ ದಿನ ದೊಡ್ಡಪ್ಪ ಕನ್ನಡಕ ಹಾಕಿ, ಕೆಂಪು ಪೆನ್ನು ಹಿಡಿದು, ಹಾಜರಿ ಪುಸ್ತಕ ನೋಡುವ ಹಾಗೆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು.

"ಚಂದ್ರ ಎಲ್ಲಿಂದ ಬಂದ?"

"ಬೆಟ್ಟದ ಹಿಂದಿನಿಂದ."

"ಮಧ್ಯಾಹ್ನ ಹನ್ನೆರಡೂವರೆ ಅಂದಿದ್ದೆನಲ್ಲೇ ಮಾರಾಯ್ತಿ." ಗೀಟು ಬಿತ್ತು. "ಈ ಹುಲಿ?"

"ಸುಮ್ನೆ. ಕಾಡಲ್ವಾ ಅಂತ."

"ಹಾಜರಿಲ್ದೋರನ್ನ ಬರೆಯೋ ಹಾಗಿಲ್ಲ."

ಒಳಗಿನಿಂದ ಅಜ್ಜಿ ಕೂಗಿದಳು: "ಹುಲಿ ಒಂದು ಇರ್ಲಿ ಬಿಡೋ ಮಂಜಯ್ಯ. ನಿಂಗೇನು ಕಚ್ಚುತ್ತಾ?"

ಹುಲಿ ಹೋಯಿತು. ಹನ್ನೊಂದು ಪುಟ ಆರಾಯಿತು, ನಾಲ್ಕಾಯಿತು, ಗುರುವಾರ ಬೆಳಿಗ್ಗೆ ಒಂದಾಯಿತು. ವೈರಿಗಳ ವಿಮಾನವೊಂದನ್ನು ಉಳಿಸಿಕೊಳ್ಳಲು ನಾನು ತುಂಬ ವಾದ ಮಾಡಿದೆ.

"ಗುಂಡು ಅಂತಾನೇ ಇದ್ರೆ ಏನಾಗುತ್ತೆ ದೊಡ್ಡಪ್ಪ? ಅವರಿಗೂ ಸಮಾಧಾನ, ಕೇಳಕ್ಕೂ ಚೆನ್ನಾಗಿದೆ."

"ಗುಂಡು ಯಾರಿಗೆ ಬೇಕಾದ್ರೂ ತಾಗುತ್ತೆ. ಅವನು ಮಾಡಿದ್ದು ಡ್ರೈವರ್ ಆದೋನಿಗೆ ಮಾತ್ರ ಆಗೋದು" ಎಂದು ವಿಮಾನದ ಮೇಲೂ ಗೀಟು ಎಳೆದರು.

ಅವತ್ತೇ ಹತ್ತಿದ ಕಳಸದ ಬಸ್ಸಿನಲ್ಲಿ ನಾನು ಕಿಟಕಿ ಪಕ್ಕ ಕೂತೆ. ದಾರಿ ಬದಿಯ ಕಣದಲ್ಲಿ ಹರವಿದ್ದ ಕೆಂಪು ಹಣ್ಣು ನೋಡಿ, ಯಾವ ರಾಜಕುಮಾರಿಯ ಹವಳದ ಸರ ಹರಿದಿರಬಹುದು ಎಂದೆ. ದೊಡ್ಡಪ್ಪ "ರೋಬಸ್ಟಾ ಕಾಫಿ" ಎಂದರು.

ಅಂಗಡಿಯಲ್ಲಿ ಸಿದ್ದಗಂಗಮ್ಮನವರು ತೊಗರಿಬೇಳೆ ತೂಗುತ್ತಿದ್ದರು. ಬಸವರಾಜಪ್ಪ ಎಂಬ ಜೀಪ್ ಡ್ರೈವರ್ ಬೀಡಿಗೆ ಕಾಯುತ್ತಿದ್ದ.

"ಬಾ ಮಂಜಯ್ಯ. ಎರಡು ಕೇಜಿನಾ?" ಎಂದು ಅವರು ಉಪ್ಪಿಗೆ ಕೈ ಹಾಕಿದರು.

"ಇವತ್ತು ಬೇಡ ಅಕ್ಕ. ಈ ಹುಡುಗಿ ಒಂದು ಓದ್ತಾಳೆ. ಹಾಲೇಶಂದು."

ಅವರು ಕೈ ತೆಗೆದರು. "ಓದಮ್ಮ."

ಓದಿದೆ: 'ಲಾರಿಯಲ್ಲಿ ನಾವಿಬ್ಬರೇ. ಓಡಿಸುತ್ತಿದ್ದವನು ಹಾಲೇಶ. ಹಿಂದೆ ಪೂರಾ ಮದ್ದುಗುಂಡಿನ ಪೆಟ್ಟಿಗೆ. ಇಳಿಜಾರಿನಲ್ಲಿ ಬ್ರೇಕ್ ಹೋಯಿತು. ಎಡಗಡೆ, ನಾನು ಕೂತ ಕಡೆ, ಕಂದಕ. ಬಲಗಡೆ, ಅವನ ಕಡೆ, ಗುಡ್ಡ ಕಡಿದ ದರೆ. ಕೆಳಗಿನ ತಿರುವಿನಲ್ಲಿ ನಮ್ಮ ಪಡೆಯವರು ರಸ್ತೆಯಲ್ಲೇ ಕೂತು ಊಟ ಮಾಡುತ್ತಿದ್ದರು.'

"ಯಾವ ಗೇರಲ್ಲಿತ್ತು?" ಬಸವರಾಜಪ್ಪ ಕೇಳಿದ.

"ಸೆಕೆಂಡ್" ಎಂದರು ದೊಡ್ಡಪ್ಪ. "ಫಸ್ಟಿಗೆ ಹಾಕಕ್ಕೆ ನೋಡ್ದ. ಬೀಳ್ಲಿಲ್ಲ."

"ಹ್ಯಾಂಡ್ ಬ್ರೇಕು?"

"ಹಿಡೀಲಿಲ್ಲ."

"ಹಾಗಾದ್ರೆ ದರೇನೇ. ಬೇರೆ ಏನೂ ಇಲ್ಲ" ಎಂದ ಬಸವರಾಜಪ್ಪ. ಘಾಟಿಯಲ್ಲಿ ಗಾಡಿ ಓಡಿಸುವವರಿಗೆಲ್ಲ ಇದು ಗೊತ್ತು. ಬ್ರೇಕ್ ಹೋದರೆ ದರೆಗೆ ಕೊಡಬೇಕು, ಗಾಡಿಯನ್ನು ಅದಕ್ಕೆ ಗುದ್ದಿಸಿ ನಿಲ್ಲಿಸಬೇಕು. ಸೈನ್ಯಕ್ಕೆ ಸೇರುವ ಮುಂಚೆ ಹಾಲೇಶನೂ ಇದೇ ಕಳಸದಲ್ಲಿ ಜೀಪು ಓಡಿಸಿದವನು.

'ಹಾಲೇಶ ದರೆಗೆ ಕೊಟ್ಟ. ಅವನ ಕಡೆ ಜಜ್ಜಿ ಹೋಯಿತು. ನನ್ನ ಕಡೆ ಗಾಜು ಕೂಡ ಒಡೆಯಲಿಲ್ಲ.'

ಸಿದ್ದಗಂಗಮ್ಮನವರು ಕೈ ಎತ್ತಿದರು. ನಾನು ನಿಲ್ಲಿಸಿದೆ.

"ನೀನು ಗುಂಡು ಅಂದಿದ್ದೆ."

"ಅಂದಿದ್ದೆ ಅಕ್ಕ. ಸರ್ಕಾರದ ಕಾಗದದಲ್ಲಿ ಅಪಘಾತ ಅಂತ ಬಂದಿತ್ತು. ಯುದ್ಧಕ್ಕೆ ಹೋಗಿ ಆಕ್ಸಿಡೆಂಟಾ ಅಂತ ಜನ ಆಡ್ಕೊಳ್ತಿದ್ರು. ಗುಂಡು ಅಂದ್ರೆ ನಿಮ್ಮಪ್ಪನಿಗೆ ಸಮಾಧಾನ ಆಗುತ್ತೆ ಅನ್ಕೊಂಡೆ."

"ಅಪ್ಪ ನಂಬಲಿಲ್ಲ. ಕಾಗದ ಕೈಲೇ ಇತ್ತಲ್ಲ." ಅವರು ತಕ್ಕಡಿಯಿಂದ ಬೇಳೆ ತೆಗೆದು ಚೀಲಕ್ಕೆ ವಾಪಸ್ ಸುರಿದರು. "ಮಂಜಯ್ಯ ಮುಚ್ಚಿಡ್ತಾನೆ ಅಂದ್ರೆ ನಮ್ಮೋನು ನಿದ್ದೆ ಹೊಡೆದಿರ್ಬೇಕು, ಯಾರನ್ನೋ ಸಾಯಿಸಿರ್ಬೇಕು ಅಂದ್ರು. ಸಾಯೋ ತನಕ ಅದನ್ನೇ ಅಂದ್ರು."

ಸಿದ್ದಗಂಗಮ್ಮನವರು ಚೀಲ ಬದಿಗಿಟ್ಟು ದೊಡ್ಡಪ್ಪನ ಕಡೆ ನೋಡಿದರು.

"ನಿದ್ದೆ ಮಾಡಿದ್ನಾ ಮಂಜಯ್ಯ?"

"ಇಲ್ಲ ಅಕ್ಕ. ಕೊನೇ ತನಕ ನನ್ನನ್ನ ಬೈತಿದ್ದ. ಹಾರ್ಬೇಡ ಕತ್ತೆ, ಗಟ್ಟಿ ಹಿಡ್ಕೊ ಅಂತ."

"ಬೈತಿದ್ದ ಅಂದ್ರೆ ಎಚ್ಚರ ಇದ್ದ" ಎಂದರು ಸಿದ್ದಗಂಗಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿಯ ಫೋನು ಎತ್ತಿದರು.

"ಜಯದೇವಪ್ಪ, ಆ ಗುಂಡು ತೆಗೀರಿ... ಅಪಘಾತಾನೂ ಬೇಡ. ಬ್ರೇಕ್ ಹೋದ ಲಾರಿಯನ್ನ ದರೆಗೆ ಕೊಟ್ಟ ಅಂತ ಹಾಕ್ಸಿ... ಇಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ... ವೀರ ಅಂತ ಇರ್ಲೇಬೇಕಾ? ಜಾಗ ಉಳಿದ್ರೆ ಹಾಕಿ."

ಫೋನಿಟ್ಟು ನನ್ನ ಕಡೆ ತಿರುಗಿದರು. "ಇನ್ನೂ ಇದೆಯಾ?"

"ಮೂರು ಸಾಲಿದೆ."

"ಮತ್ತೆ ಯಾಕೆ ನಿಂತಿದ್ದೀಯ? ಓದು."

'ತಿರುವಿನಲ್ಲಿ ಕೂತಿದ್ದವರನ್ನು ನಾನು ಒಬ್ಬೊಬ್ಬರನ್ನೇ ಎಣಿಸಿದೆ. ಮೂವತ್ತೆಂಟು ಜನ. ಒಬ್ಬರಿಗೂ ಗಾಯವಾಗಿರಲಿಲ್ಲ.'

ಅಲ್ಲಿಗೆ ಮುಗಿಯಿತು. ಹಾಳೆಯನ್ನು ಮಡಿಸಿ ಅವರ ಕೈಗೆ ಕೊಟ್ಟೆ.